ಯಂತ್ರದ ಅರಿವಿಗೆ ತಿದ್ದುಪಡಿ

ರಾತ್ರಿ ಒಂಬತ್ತರ ಹೊತ್ತು. ಮನೆಮಂದಿಯೆಲ್ಲ ಟಿ.ವಿ. ಮುಂದೆ ಕೂತಿದ್ದಾರೆ. ಧಾರಾವಾಹಿ ಕುತೂಹಲದ ಘಟ್ಟಕ್ಕೆ ಬಂದ ಹೊತ್ತಿಗೇ ಕರೆಂಟ್ ಹೋಯಿತು. 'ಇನ್ನೇನು, ಮಲಗೋಣ' ಎಂದು ಅಜ್ಜಿ ಎದ್ದರು. ಮೊಮ್ಮಗಳು ಮೊಬೈಲ್ ಟಾರ್ಚ್ ಹಾಕಿದಳು. ಗ್ಯಾಸ್ ಒಲೆಯ ಮೇಲಿಟ್ಟ ಹಾಲು ನೋಡಲು ಅಮ್ಮ ಒಳಗೆ ಹೋದರು. ಕರೆಂಟ್ ಇರಲಿ ಬಿಡಲಿ, ಹಾಲು ಉಕ್ಕುವ ಹೊತ್ತಿಗೆ ಉಕ್ಕುತ್ತದೆ. ಹತ್ತು ನಿಮಿಷದ ಮೇಲೆ ಕರೆಂಟ್ ಬಂತು. ಅಜ್ಜಿ ಎದ್ದು ಬಂದು ತಮ್ಮ ಜಾಗದಲ್ಲಿ ಮತ್ತೆ ಕೂತರು.

ಅಷ್ಟರಲ್ಲಿ ಆ ಮನೆಯವರು ತಮಗೇ ಗೊತ್ತಾಗದಂತೆ ಒಂದು ದೊಡ್ಡ ಕೆಲಸ ಮಾಡಿ ಮುಗಿಸಿದ್ದರು. 'ಕರೆಂಟ್ ಹೋಯಿತು' ಎಂಬ ಒಂದೇ ಸುದ್ದಿ ಸಿಕ್ಕಿದ್ದೇ ತಡ, ತಾವು ಬಲ್ಲ ಸಾವಿರಾರು ಸಂಗತಿಗಳಲ್ಲಿ ಯಾವುದು ಬದಲಾಯಿತು, ಯಾವುದು ಇದ್ದ ಹಾಗೇ ಇದೆ ಎಂದು ವಿಂಗಡಿಸಿಕೊಂಡಿದ್ದರು. ಟಿ.ವಿ., ಫ್ಯಾನು, ಮಿಕ್ಸಿ ನಿಂತವು. ಒಲೆಯ ಉರಿ, ಬಾಗಿಲ ಚಿಲಕ, ನಾಳೆ ಬೆಳಗಿನ ಸ್ಕೂಲು ಹಾಗೇ ಉಳಿದವು. ಕರೆಂಟ್ ಬಂದರೆ ಟಿ.ವಿ. ಮತ್ತೆ ಹತ್ತುತ್ತದೆ ಎಂದು ಯಾರೂ ಯಾರಿಗೂ ಹೇಳಿಕೊಡಬೇಕಾಗಲಿಲ್ಲ.

ಇಷ್ಟನ್ನು ಒಂದು ತಂತ್ರಾಂಶಕ್ಕೆ ಕಲಿಸಲು ಕಂಪ್ಯೂಟರ್ ವಿಜ್ಞಾನಿಗಳು ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಹೆಣಗಿದ್ದಾರೆ. ನಮ್ಮ ಪರವಾಗಿ ಟಿಕೆಟ್ ಕಾಯ್ದಿರಿಸುವ, ಅರ್ಜಿ ಪರಿಶೀಲಿಸುವ, ಗ್ರಾಹಕರಿಗೆ ಉತ್ತರ ಕೊಡುವ ತಂತ್ರಾಂಶಗಳನ್ನು ಈಗ 'ಏಜೆಂಟ್' ಎನ್ನುತ್ತಾರೆ. ಅಂಥ ಪ್ರತಿ ಏಜೆಂಟಿನ ಬೆನ್ನಿಗೂ ಒಂದು ಅರಿವಿನ ಭಂಡಾರವಿರುತ್ತದೆ: ತನಗೆ ತಿಳಿದ ಸಂಗತಿಗಳು, ತಾನು ಪಾಲಿಸಬೇಕಾದ ನಿಯಮಗಳು. ಅದಕ್ಕೆ ಹೊಸದನ್ನು ಸೇರಿಸುವುದು ಸುಲಭ. ಹೊಸದು ಬಂದಾಗ ಹಳೆಯದರಲ್ಲಿ ಯಾವುದನ್ನು ಬಿಡಬೇಕು, ಹೇಗೆ ಬಿಡಬೇಕು ಎಂಬುದು ಕಷ್ಟ. ಸರ್ಕಾರಿ ಸೌಲಭ್ಯ, ಸಾಲ, ವಿಮೆಯಂಥ ವಿಷಯಗಳಲ್ಲಿ ಯಂತ್ರದ ಮಾತು ನಡೆಯತೊಡಗಿರುವಾಗ ಈ ಕಷ್ಟವನ್ನು ತಜ್ಞರಿಗಷ್ಟೇ ಬಿಟ್ಟು ಸುಮ್ಮನಿರುವ ಹಾಗಿಲ್ಲ.

ಫೋನ್ ಇನ್ನೂ ಇದೆಯೇ?

1969ರಲ್ಲಿ ಜಾನ್ ಮೆಕಾರ್ಥಿ ಮತ್ತು ಪ್ಯಾಟ್ರಿಕ್ ಹೇಯ್ಸ್ ಒಂದು ಪ್ರಬಂಧ ಬರೆದರು. ಕೃತಕ ಬುದ್ಧಿಮತ್ತೆ ಎಂಬ ಕ್ಷೇತ್ರಕ್ಕೆ ಇಂಗ್ಲಿಷಿನಲ್ಲಿ ಹೆಸರಿಟ್ಟವರೇ ಮೆಕಾರ್ಥಿ. ಪ್ರಬಂಧದಲ್ಲಿ ಅವರು ತೆಗೆದುಕೊಂಡ ಉದಾಹರಣೆ ತೀರಾ ಸಾಮಾನ್ಯದ್ದು: ಒಬ್ಬ ಇನ್ನೊಬ್ಬನಿಗೆ ಫೋನ್ ಮಾಡಬೇಕು. ಡೈರೆಕ್ಟರಿಯಲ್ಲಿ ನಂಬರ್ ಹುಡುಕಬೇಕು, ಆಮೇಲೆ ಡಯಲ್ ಮಾಡಬೇಕು. ಇದನ್ನು ತರ್ಕದ ಭಾಷೆಯಲ್ಲಿ ಬರೆಯಲು ಕೂತಾಗ ಅವರಿಗೊಂದು ತೊಡಕು ಎದುರಾಯಿತು. ಡೈರೆಕ್ಟರಿ ನೋಡಿದ ಮೇಲೂ ಆ ಮನುಷ್ಯನ ಬಳಿ ಫೋನ್ ಇದ್ದೇ ಇರುತ್ತದೆ ಎಂಬುದನ್ನೂ ಬೇರೆಯಾಗಿ ಬರೆಯಬೇಕಾಯಿತು! ಬರೆಯದಿದ್ದರೆ ಯಂತ್ರಕ್ಕೆ ಅದು ಗೊತ್ತಾಗುವುದಿಲ್ಲ.

ಫೋನ್ ಒಂದಾದರೆ ಪರವಾಗಿಲ್ಲ. ಡೈರೆಕ್ಟರಿ ನೋಡಿದ್ದರಿಂದ ಅವನ ಅಂಗಿಯ ಬಣ್ಣ ಬದಲಾಗಲಿಲ್ಲ, ಮನೆ ಕುಸಿಯಲಿಲ್ಲ, ಹೆಸರು ಬೇರೆಯಾಗಲಿಲ್ಲ ಎಂದು ಎಷ್ಟು ಸಾಲು ಬರೆಯುವುದು? ನೂರು ಕ್ರಿಯೆ, ಸಾವಿರ ಸಂಗತಿ ಇರುವ ಪುಟ್ಟ ಲೋಕಕ್ಕೇ ಲಕ್ಷ ಸಾಲು ಬೇಕು, ಅದರಲ್ಲಿ ಬಹುಪಾಲು 'ಏನೂ ಆಗಲಿಲ್ಲ' ಎಂದು ಹೇಳುವ ಸಾಲುಗಳೇ. ಇದನ್ನು ಚೌಕಟ್ಟಿನ ಸಮಸ್ಯೆ ಎಂದು ಕರೆದರು. ಕಾರಣವಿಲ್ಲದೆ ಯಾವುದೂ ಬದಲಾಗುವುದಿಲ್ಲ ಎಂಬ ನಮ್ಮ ಸಹಜ ನಂಬಿಕೆಯನ್ನು ಯಂತ್ರಕ್ಕೆ ಒಂದೇ ಮಾತಿನಲ್ಲಿ ಹೇಳುವ ದಾರಿಗಳನ್ನು ಅಂದಿನಿಂದ ಹುಡುಕುತ್ತಲೇ ಬಂದಿದ್ದಾರೆ.

ಲೆಕ್ಕದ ಬದಲು ನಿಯಮ

ಆ ದಾರಿಗಳಲ್ಲೊಂದು ಲಾಜಿಕ್ ಪ್ರೋಗ್ರಾಮಿಂಗ್. ಸಾಮಾನ್ಯ ಪ್ರೋಗ್ರಾಮು ಕಂಪ್ಯೂಟರಿಗೆ 'ಮೊದಲು ಇದು ಮಾಡು, ಆಮೇಲೆ ಅದು ಮಾಡು' ಎಂದು ಹೆಜ್ಜೆ ಹೆಜ್ಜೆಯಾಗಿ ಹೇಳುತ್ತದೆ. ಲಾಜಿಕ್ ಪ್ರೋಗ್ರಾಮಿನಲ್ಲಿ ಹೆಜ್ಜೆಗಳನ್ನು ಹೇಳುವುದಿಲ್ಲ. ಯಾವುದು ನಿಜ, ಯಾವುದು ನಿಜವಾದರೆ ಇನ್ಯಾವುದು ನಿಜ ಎಂದಷ್ಟೇ ಬರೆಯುತ್ತಾರೆ. ಫ್ರಾನ್ಸಿನ ಮಾರ್ಸೇಯಲ್ಲಿ ಅಲೈನ್ ಕೊಲ್ಮರೋವರ್ ಮತ್ತು ಫಿಲಿಪ್ ರೂಸೆಲ್, ಎಡಿನ್‌ಬರೋದಲ್ಲಿದ್ದ ರಾಬರ್ಟ್ ಕೊವಾಲ್ಸ್ಕಿ ಇವರ ಒಡನಾಟದಲ್ಲಿ 1972ರ ಸುಮಾರಿಗೆ 'ಪ್ರೊಲಾಗ್' ಭಾಷೆ ಹುಟ್ಟಿತು. ಮಾರ್ಸೇಯವರಿಗೆ ಬೇಕಿದ್ದುದು ಫ್ರೆಂಚ್ ಮಾತನ್ನು ಅರ್ಥಮಾಡಿಕೊಳ್ಳುವ ಕಂಪ್ಯೂಟರು. ಸಿಕ್ಕಿದ್ದು ಹೊಸದೇ ಒಂದು ಪ್ರೋಗ್ರಾಮಿಂಗ್ ಪದ್ಧತಿ. 1982ರಲ್ಲಿ ಜಪಾನ್ ಸರ್ಕಾರ ತನ್ನ 'ಐದನೇ ಪೀಳಿಗೆಯ ಕಂಪ್ಯೂಟರ್' ಯೋಜನೆಗೆ ಇದನ್ನೇ ತಳಹದಿ ಮಾಡಿಕೊಂಡಿತು.

ನಮಗೆ ಹತ್ತಿರದ ಉದಾಹರಣೆ ಬೇಕೆಂದರೆ ಹಳ್ಳಿಯ ಕೃಷಿ ಪತ್ತಿನ ಸಹಕಾರ ಸಂಘವನ್ನು ನೆನೆಯೋಣ. ಎರಡು ನಿಯಮ ಬರೆಯುತ್ತೇವೆ. ಒಂದು: ಸಂಘದ ಸದಸ್ಯರಾಗಿದ್ದು ಸುಸ್ತಿದಾರರಲ್ಲದವರಿಗೆ ಹೊಸ ಸಾಲ ಸಿಗುತ್ತದೆ. ಎರಡು: ಕಂತು ತಪ್ಪಿಸಿದವರು ಸುಸ್ತಿದಾರರು. ಇದರ ಜೊತೆ ಒಂದು ಸಂಗತಿ: ಸಿದ್ದಪ್ಪ ಸದಸ್ಯ. ಈಗ 'ಸಿದ್ದಪ್ಪನಿಗೆ ಸಾಲ ಸಿಗುತ್ತದೆಯೇ?' ಎಂದು ಕೇಳಿದರೆ ಯಂತ್ರ ಪ್ರಶ್ನೆಯಿಂದ ಹಿಂದಕ್ಕೆ ಹೋಗುತ್ತದೆ. ಸದಸ್ಯನೇ? ಹೌದು. ಸುಸ್ತಿದಾರನೇ? ಅದಕ್ಕೆ ಕಂತು ತಪ್ಪಿಸಿರಬೇಕು. ತಪ್ಪಿಸಿದ್ದಾನೆಂದು ಎಲ್ಲೂ ಬರೆದಿಲ್ಲ. ಹಾಗಾದರೆ ಅಲ್ಲ. ಸಾಲ ಸಿಗುತ್ತದೆ.

'ಎಲ್ಲೂ ಬರೆದಿಲ್ಲ, ಹಾಗಾದರೆ ಅಲ್ಲ' ಎಂಬ ಆ ಹೆಜ್ಜೆಯನ್ನು ಸ್ವಲ್ಪ ನಿಂತು ನೋಡಬೇಕು. ಕೀತ್ ಕ್ಲಾರ್ಕ್ ಮತ್ತು ರೇ ರೈಟರ್ 1978ರಲ್ಲಿ, ಬೇರೆ ಬೇರೆ ಬರಹಗಳಲ್ಲಿ, ಇದಕ್ಕೊಂದು ಶಿಸ್ತು ತಂದರು. ಸಾಬೀತು ಮಾಡಲು ಆಗದಿದ್ದನ್ನು ಸದ್ಯಕ್ಕೆ ಸುಳ್ಳೆಂದು ಹಿಡಿ ಎಂಬುದು ಅದರ ತಿರುಳು. ವೇಳಾಪಟ್ಟಿಯಲ್ಲಿ ಮೂರು ಗಂಟೆಗೆ ಬಸ್ ಎಂದು ಇಲ್ಲದಿದ್ದರೆ ಮೂರಕ್ಕೆ ಬಸ್ ಇಲ್ಲ ಎಂದು ನಾವೂ ತಿಳಿಯುತ್ತೇವಲ್ಲ, ಹಾಗೆ. ಗಣಿತದಲ್ಲಿ ಒಮ್ಮೆ ಸಾಧಿಸಿದ್ದು ಸಾಧಿಸಿದ ಹಾಗೇ; ಹೊಸ ಮಾಹಿತಿ ಬಂದರೂ ಅದು ಬೀಳುವುದಿಲ್ಲ. ಇಲ್ಲಿ ಹಾಗಲ್ಲ. ನಾಳೆ ಒಂದು ಸಾಲು ಸೇರಿದರೆ ಇಂದಿನ ತೀರ್ಮಾನ ಬೀಳಬಹುದು.

ಬೀದಿಯಲ್ಲಿ ಸಿಕ್ಕ ಕೂಸು

ಈ 'ಸದ್ಯಕ್ಕೆ' ಎಂಬುದರ ತೂಕ ತೋರಿಸಿಕೊಟ್ಟ ಪ್ರಯೋಗವೊಂದು ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ನಡೆಯಿತು. ಮಾರೆಕ್ ಸೆರ್ಗೊ, ಫರೀಬಾ ಸದ್ರಿ, ಕೊವಾಲ್ಸ್ಕಿ ಮತ್ತು ಅವರ ಸಂಗಡಿಗರು ಬ್ರಿಟನ್ನಿನ 1981ರ ಪೌರತ್ವ ಕಾಯ್ದೆಯನ್ನು ಲಾಜಿಕ್ ಪ್ರೋಗ್ರಾಮಾಗಿ ಬರೆದು 1986ರಲ್ಲಿ ಪ್ರಕಟಿಸಿದರು. ಕಾನೂನನ್ನು ನಿಯಮಗಳಾಗಿ ಒಡೆದು ಕಂಪ್ಯೂಟರಿಗೆ ಕೊಟ್ಟರೆ, ಒಬ್ಬ ವ್ಯಕ್ತಿಯ ವಿವರ ಹೇಳಿದಾಗ ಅವನು ಪೌರನೋ ಅಲ್ಲವೋ ಎಂದು ಅದು ಕಾರಣಸಹಿತ ಹೇಳುತ್ತದೆ.

ಆ ಕಾಯ್ದೆಯ ಮೊದಲ ಸೆಕ್ಷನ್ನಿನಲ್ಲೇ ಒಂದು ಉಪವಿಧಿ ಇದೆ. ಕಾಯ್ದೆ ಜಾರಿಯಾದ ಮೇಲೆ ಬ್ರಿಟನ್ನಿನಲ್ಲಿ ಯಾರೋ ಬಿಟ್ಟುಹೋದ ಹಸುಗೂಸು ಸಿಕ್ಕಿತು ಎನ್ನೋಣ. ಹೆತ್ತವರು ಯಾರೋ, ಎಲ್ಲಿ ಹುಟ್ಟಿತೋ ಗೊತ್ತಿಲ್ಲ. ಬೇರೆ ಸಾಕ್ಷ್ಯ ಸಿಗುವ ತನಕ ಆ ಮಗು ಅಲ್ಲೇ ಹುಟ್ಟಿದ್ದು, ಹುಟ್ಟಿದಾಗ ಹೆತ್ತವರಲ್ಲೊಬ್ಬರು ಅಲ್ಲಿಯ ಪೌರರೋ ಅಲ್ಲಿ ನೆಲೆನಿಂತವರೋ ಆಗಿದ್ದರು ಎಂದು ಭಾವಿಸಬೇಕು ಎನ್ನುತ್ತದೆ ಕಾನೂನು. ಮಗುವಿನ ಬಗ್ಗೆ ಏನೂ ತಿಳಿಯದಿರುವುದೇ ಇಲ್ಲಿ ಮಗುವಿಗೆ ರಕ್ಷೆ. ತಿಳಿಯದ್ದನ್ನು ಸುಳ್ಳೆಂದು ಹಿಡಿಯುವ ಯಂತ್ರದ ತರ್ಕ ಕಾನೂನಿನ ಈ ಕರುಣೆಗೆ ಸರಿಯಾಗಿ ಹೊಂದಿಕೊಂಡಿತು.

ಆದರೆ ಆ ಸಾಕ್ಷ್ಯ ಐದು ವರ್ಷದ ಮೇಲೆ ಸಿಕ್ಕರೆ? ಹೆತ್ತವರು ಇಬ್ಬರೂ ಪರದೇಶದವರು, ಪ್ರವಾಸಕ್ಕೆ ಬಂದವರು ಎಂದು ಗೊತ್ತಾದರೆ? ಹೊಸ ಸಂಗತಿ ಸೇರಿಸಿದ ತಕ್ಷಣ ಪ್ರೋಗ್ರಾಮು ತನ್ನ ಹಳೆಯ ತೀರ್ಮಾನವನ್ನು ಹಿಂದಕ್ಕೆ ತೆಗೆದುಕೊಳ್ಳುತ್ತದೆ. ಐದು ವರ್ಷ ಪೌರನಾಗಿ ಬೆಳೆದ ಮಗು ಈಗ 'ಎಂದೂ ಪೌರನಾಗಿರಲೇ ಇಲ್ಲ' ಎಂದಾಗುತ್ತದೆಯೇ, ಅಥವಾ 'ಇಂದಿನಿಂದ ಪೌರನಲ್ಲ' ಎಂದೇ? ಎರಡಕ್ಕೂ ಅಜಗಜಾಂತರ. ಯಂತ್ರಕ್ಕೆ ಒಂದು ಸಾಲು ಸೇರಿಸುವ ಕೆಲಸ ಕಂಡಷ್ಟು ಹಗುರವಲ್ಲ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ನನಗೆ ಗೊತ್ತಿಲ್ಲ.

ತಪ್ಪು ತಿದ್ದುವುದು ಬೇರೆ, ಬದಲಾವಣೆ ಬೇರೆ

ತಿದ್ದುಪಡಿಯ ತರ್ಕಕ್ಕೆ ಬುನಾದಿ ಹಾಕಿದವರಲ್ಲಿ ಕಾನೂನಿನವರೂ ಇದ್ದರು. ಅರ್ಜೆಂಟೀನಾದ ನ್ಯಾಯಶಾಸ್ತ್ರಜ್ಞ ಕಾರ್ಲೋಸ್ ಅಲ್ಚುರೋನ್, ತರ್ಕಶಾಸ್ತ್ರಜ್ಞ ಡೇವಿಡ್ ಮೇಕಿನ್ಸನ್, ಸ್ವೀಡನ್ನಿನ ತತ್ತ್ವಶಾಸ್ತ್ರಜ್ಞ ಪೀಟರ್ ಯಾರ್ಡೆನ್‌ಫೊರ್ಸ್ ಸೇರಿ 1985ರಲ್ಲಿ ಪ್ರಕಟಿಸಿದ ಪ್ರಬಂಧ ಇಂದಿಗೂ ಈ ಕ್ಷೇತ್ರದ ಮೂಲ ಆಕರ. ಅಲ್ಚುರೋನ್ ಅವರನ್ನು ಕಾಡಿದ್ದು ಸಂಹಿತೆಯಿಂದ ಒಂದು ವಿಧಿಯನ್ನು ರದ್ದು ಮಾಡುವ ಪ್ರಶ್ನೆ. ರದ್ದಾಗಬೇಕಾದ ವಿಧಿ ಉಳಿದ ಎರಡು ವಿಧಿಗಳಿಂದ ತಾನಾಗಿ ಹೊರಡುವಂತಿದ್ದರೆ ಅದೊಂದನ್ನು ಹೊಡೆದುಹಾಕಿ ಪ್ರಯೋಜನವಿಲ್ಲ. ಉಳಿದೆರಡರಲ್ಲಿ ಒಂದು ಹೋಗಬೇಕು. ಯಾವುದು? ಆದಷ್ಟು ಕಡಿಮೆ ಕಳೆದುಕೊಳ್ಳುವ ರೀತಿಯಲ್ಲಿ ಆಯ್ಕೆ ಮಾಡು ಎಂಬುದು ಅವರ ತತ್ತ್ವದ ಜೀವ.

1991ರಲ್ಲಿ ಹಿರೊಫುಮಿ ಕತ್ಸುನೊ ಮತ್ತು ಅಲ್ಬೆರ್ತೊ ಮೆಂಡೆಲ್ಜಾನ್ ಇದಕ್ಕೊಂದು ಮುಖ್ಯ ವಿಂಗಡಣೆ ಸೇರಿಸಿದರು. ಒಂದು ಕೋಣೆ. ನೆಲದ ಮೇಲೆ ಪುಸ್ತಕ ಇದೆ, ಇಲ್ಲವೇ ಪತ್ರಿಕೆ ಇದೆ. ಎರಡೂ ಒಟ್ಟಿಗೆ ಇಲ್ಲ, ಒಂದು ಮಾತ್ರ. ಯಾವುದು ಎಂದು ನಮಗೆ ತಿಳಿಯದು. ಈಗ 'ಪುಸ್ತಕ ನೆಲದ ಮೇಲಿದೆ' ಎಂದು ಯಾರೋ ಬಂದು ಹೇಳಿದರೆ ಪತ್ರಿಕೆ ನೆಲದ ಮೇಲಿಲ್ಲ ಎಂದು ಖಚಿತವಾಗಿ ಹೇಳಬಹುದು. ಹಾಗಲ್ಲದೆ, ರೋಬೋಟ್ ಒಂದನ್ನು ಒಳಗೆ ಕಳಿಸಿ 'ಪುಸ್ತಕವನ್ನು ನೆಲದ ಮೇಲಿಡು' ಎಂದರೆ? ಕೆಲಸವಾದ ಮೇಲೆ ಪುಸ್ತಕ ನೆಲದ ಮೇಲಿರುತ್ತದೆ ಎಂಬುದಷ್ಟೇ ಖಚಿತ. ಪತ್ರಿಕೆ ಮೊದಲೇ ಅಲ್ಲಿದ್ದಿರಬಹುದು, ಅದನ್ನು ಯಾರೂ ಎತ್ತಿಲ್ಲ.

ಎರಡೂ ಸಲ ಭಂಡಾರಕ್ಕೆ ಸೇರುವ ಸಾಲು ಒಂದೇ: ಪುಸ್ತಕ ನೆಲದ ಮೇಲಿದೆ. ಮೊದಲ ಸಲ ಬದಲಾದದ್ದು ನಮ್ಮ ತಿಳಿವಳಿಕೆ, ಲೋಕವಲ್ಲ. ಎರಡನೇ ಸಲ ಲೋಕವೇ ಬದಲಾಯಿತು. ಸಿದ್ದಪ್ಪ ಕಂತು ತಪ್ಪಿಸಿದ್ದಾನೆಂದು ಸಂಘ ಸಾಲ ನಿರಾಕರಿಸಿತ್ತು ಎನ್ನೋಣ. ಆತನ ಕಡತದಲ್ಲಿ 'ಕಂತು ಬಾಕಿ ಇಲ್ಲ' ಎಂದು ತಿದ್ದುವಾಗಲೂ ಇದೇ ಪ್ರಶ್ನೆ ಕೇಳಬೇಕಾಗುತ್ತದೆ. ಗುಮಾಸ್ತರು ಮೊದಲು ತಪ್ಪಾಗಿ ಬರೆದಿದ್ದರೇ, ಅಥವಾ ಆತ ಈಗ ಬಾಕಿ ಕಟ್ಟಿದನೇ? ಮೊದಲನೆಯದಾದರೆ ಈ ಹಿಂದೆ ಸಾಲ ನಿರಾಕರಿಸಿದ್ದೇ ತಪ್ಪು, ಆತನಿಗೆ ಪರಿಹಾರ ಸಲ್ಲಬೇಕು. ಎರಡನೆಯದಾದರೆ ಆಗಿನ ನಿರಾಕರಣೆ ಸರಿಯಾಗಿಯೇ ಇತ್ತು.

ಫಲ ತಿದ್ದಿದರೆ ಸಾಲದು

ಆರಂಭದ ಪ್ರಯತ್ನಗಳು ಹೆಚ್ಚಾಗಿ ಸಂಗತಿಗಳ ಪಟ್ಟಿಯನ್ನು ತಿದ್ದುವುದರಲ್ಲೇ ನಿಂತಿದ್ದವು. ನಿಯಮಗಳಿಂದ ಹೊರಟ ತೀರ್ಮಾನಗಳನ್ನೆಲ್ಲ ಒಂದು ಪಟ್ಟಿ ಮಾಡು, ಹೊಸ ಸುದ್ದಿಗೆ ತಕ್ಕಂತೆ ಆ ಪಟ್ಟಿಯಲ್ಲಿ ಆದಷ್ಟು ಕಡಿಮೆ ಬದಲಾವಣೆ ಮಾಡು. ಇದನ್ನು ಸಿದ್ದಪ್ಪನಿಗೆ ಅನ್ವಯಿಸಿ ನೋಡಿ. ಈಗಿನ ಪಟ್ಟಿ: ಸಿದ್ದಪ್ಪ ಸದಸ್ಯ, ಸಿದ್ದಪ್ಪನಿಗೆ ಸಾಲ ಸಿಗುತ್ತದೆ. ಹೊಸ ಸುದ್ದಿ: ಕಂತು ತಪ್ಪಿತು. ಅತಿ ಕಡಿಮೆ ಬದಲಾವಣೆ ಎಂದರೆ ಆ ಸಾಲನ್ನು ಪಟ್ಟಿಗೆ ಸೇರಿಸುವುದು, ಮಿಕ್ಕಿದ್ದನ್ನು ಮುಟ್ಟದಿರುವುದು. ಆಗ ಸಿದ್ದಪ್ಪ ಕಂತನ್ನೂ ತಪ್ಪಿಸಿದ್ದಾನೆ, ಹೊಸ ಸಾಲಕ್ಕೂ ಅರ್ಹ! ಕಂತು ತಪ್ಪಿಸಿದವರು ಸುಸ್ತಿದಾರರು ಎಂಬ ನಿಯಮ ಪಟ್ಟಿಯಲ್ಲೇ ಇಲ್ಲ. ಅದು ಪಟ್ಟಿಯನ್ನು ಹುಟ್ಟಿಸಿದ ಪ್ರೋಗ್ರಾಮಿನಲ್ಲಿದೆ, ಅದನ್ನು ಯಾರೂ ಕೇಳಲಿಲ್ಲ.

ಪ್ರೊಲಾಗ್‌ನಲ್ಲಿ ಸಾಲು ಸೇರಿಸಲು ಒಂದು ಆಜ್ಞೆ, ಅಳಿಸಲು ಒಂದು ಆಜ್ಞೆ ಇದೆ. ಯಾವುದನ್ನು ಅಳಿಸಬೇಕೆಂದು ಅದು ಹೇಳುವುದಿಲ್ಲ. ಅಳಿಸಿದ ಮೇಲೆ ಅಲ್ಲೊಂದು ಸಾಲು ಇತ್ತು ಎಂಬ ಗುರುತೂ ಉಳಿಯುವುದಿಲ್ಲ.

ಲಿಸ್ಬನ್ನಿನ ಟಿ.ವಿ.

1990ರ ದಶಕದ ಕೊನೆಗೆ ಪೋರ್ಚುಗಲ್ಲಿನಲ್ಲಿ ಒಂದು ಗುಂಪು ಈ ಗಂಟನ್ನು ಬಿಡಿಸಿತು. ಜೋಸೆ ಆಲ್ಫೆರೆಸ್, ಜೋವಾವೊ ಲೈತೆ, ಲೂಯಿಸ್ ಮೊನಿಜ್ ಪೆರೈರಾ ಇವರ ಜೊತೆಗೆ ಹಲೀನಾ ಮತ್ತು ತಿಯೊಡೊರ್ ಪ್ಶಿಮುಸಿನ್ಸ್ಕಿ. ಎಡಿನ್‌ಬರೋದಲ್ಲಿ ಪ್ರೊಲಾಗನ್ನು ವೇಗದ ಭಾಷೆಯನ್ನಾಗಿ ಮಾಡಿದವರ ಸಾಲಿನಲ್ಲಿ ಪೆರೈರಾ ಕೂಡ ಇದ್ದರು. 1998ರಲ್ಲಿ ಅವರು ಮುಂದಿಟ್ಟ ವಿಧಾನಕ್ಕೆ ಡೈನಾಮಿಕ್ ಲಾಜಿಕ್ ಪ್ರೋಗ್ರಾಮಿಂಗ್ ಎಂದು ಹೆಸರು. ಲೇಖನದ ಮೊದಲಲ್ಲಿ ಬಂದ ಟಿ.ವಿ. ಮತ್ತು ಕರೆಂಟಿನ ಕತೆ ಅವರದೇ ಉದಾಹರಣೆ. ಅಜ್ಜಿಯನ್ನೂ ಹಾಲನ್ನೂ ನಾನು ಸೇರಿಸಿದ್ದೇನೆ.

ಅವರ ಭಂಡಾರ ಒಂದೇ ಪ್ರೋಗ್ರಾಮಲ್ಲ, ಒಂದರ ಮೇಲೊಂದು ಬಂದ ಪ್ರೋಗ್ರಾಮುಗಳ ಸಾಲು. ಮೊದಲನೆಯದರಲ್ಲಿ ಮೂರು ಮಾತು: ಟಿ.ವಿ. ಆನ್ ಇದ್ದರೆ ನೋಡುತ್ತೇವೆ, ಆನ್ ಇಲ್ಲದಿದ್ದರೆ ಮಲಗುತ್ತೇವೆ, ಟಿ.ವಿ. ಆನ್ ಇದೆ. ತೀರ್ಮಾನ: ನೋಡುತ್ತೇವೆ.

ಎರಡನೆಯದು ಬರುತ್ತದೆ: ಕರೆಂಟ್ ಹೋದರೆ ಟಿ.ವಿ. ಆನ್ ಇರುವುದಿಲ್ಲ, ಕರೆಂಟ್ ಹೋಗಿದೆ. 'ಆನ್ ಇದೆ' ಎನ್ನುವ ಹಳೆಯ ಸಾಲು, 'ಆನ್ ಇರುವುದಿಲ್ಲ' ಎನ್ನುವ ಹೊಸ ಸಾಲು ಮುಖಾಮುಖಿಯಾದವು. ಹೊಸ ನಿಯಮದ ಷರತ್ತು ಪೂರೈಸಿದೆ, ಕರೆಂಟ್ ನಿಜವಾಗಿ ಹೋಗಿದೆ. ಆದ್ದರಿಂದ ಹೊಸದು ಹಳೆಯದನ್ನು ತಳ್ಳಿಹಾಕುತ್ತದೆ. ತೀರ್ಮಾನ: ಮಲಗುತ್ತೇವೆ. ಉಳಿದ ಹಳೆಯ ನಿಯಮಗಳನ್ನು ಯಾವುದೂ ವಿರೋಧಿಸಿಲ್ಲ, ಅವು ಹಾಗೇ ಚಾಲ್ತಿಯಲ್ಲಿವೆ.

ಮೂರನೆಯದು ಒಂದೇ ಸಾಲು: ಕರೆಂಟ್ ಹೋಗಿಲ್ಲ. ಇದು 'ಕರೆಂಟ್ ಹೋಗಿದೆ' ಎಂಬ ಎರಡನೆಯ ಪ್ರೋಗ್ರಾಮಿನ ಸಾಲನ್ನು ತಳ್ಳುತ್ತದೆ. ಅದು ಬಿದ್ದ ಮೇಲೆ 'ಟಿ.ವಿ. ಆನ್ ಇರುವುದಿಲ್ಲ' ಎಂಬ ನಿಯಮದ ಷರತ್ತು ಪೂರೈಸುವುದಿಲ್ಲ. ಷರತ್ತು ಪೂರೈಸದ ನಿಯಮಕ್ಕೆ ಯಾರನ್ನೂ ತಳ್ಳುವ ಬಲವಿಲ್ಲ. ಮೊದಲ ಪ್ರೋಗ್ರಾಮಿನ 'ಟಿ.ವಿ. ಆನ್ ಇದೆ' ತಾನಾಗಿ ಮತ್ತೆ ಜೀವ ತಳೆಯುತ್ತದೆ. ಯಾರೂ ಅದನ್ನು ಎರಡನೇ ಸಲ ಬರೆಯಲಿಲ್ಲ.

ಇಡೀ ವಿಧಾನದ ಗುಟ್ಟು ಈ ಮೂರನೇ ಹೆಜ್ಜೆಯಲ್ಲಿದೆ. ಹಳೆಯ ಸಾಲನ್ನು ಅಳಿಸಿರಲಿಲ್ಲ, ಒಂದು ಕಾರಣಕ್ಕೆ ತಡೆದು ನಿಲ್ಲಿಸಿತ್ತು. ಕಾರಣ ಹೋದಾಗ ತಡೆಯೂ ಹೋಯಿತು. ಸಂಘಕ್ಕೆ ಮರಳಿದರೆ, ಸರ್ಕಾರ 'ಸಾಲಮನ್ನಾ ಆದವರು ಸುಸ್ತಿದಾರರಲ್ಲ' ಎಂಬ ಆದೇಶ ಹೊರಡಿಸಿದೆ, ಸಿದ್ದಪ್ಪನ ಸಾಲವೂ ಮನ್ನಾ ಆಗಿದೆ ಎನ್ನೋಣ. ಆತ ಸುಸ್ತಿದಾರನಲ್ಲ, ಆದರೆ ಕಂತು ತಪ್ಪಿದ ದಾಖಲೆ ಅಲ್ಲೇ ಇದೆ, ಹಳೆಯ ನಿಯಮವೂ ಇದೆ. ಸುಸ್ತಿದಾರರ ಪಟ್ಟಿಯಿಂದ ಆತನ ಹೆಸರು ಯಾಕೆ ಹೊರಬಂತು ಎಂದು ಯಾರಾದರೂ ಕೇಳಿದರೆ ಯಂತ್ರ ಆದೇಶದತ್ತ ಬೆರಳು ತೋರಿಸಬಲ್ಲದು.

ಎಲ್ಲವೂ ಮೊದಲ ಸಲಕ್ಕೇ ಸರಿಹೋಗಲಿಲ್ಲ. ತಿದ್ದುಪಡಿಗೆಂದು ಮುಂದಿಟ್ಟ ಹಲವು ವಿಧಾನಗಳಲ್ಲಿ ಒಂದು ವಿಚಿತ್ರ ದೋಷ ಕಂಡಿತು. 'ಮಳೆ ಬಂದಿದ್ದರೆ ಮಳೆ ಬಂದಿದೆ' ಎಂಬಂಥ, ಹೊಸದೇನನ್ನೂ ಹೇಳದ ಸಾಲನ್ನು ಸೇರಿಸಿದರೂ ಕೆಲವು ಸಂದರ್ಭಗಳಲ್ಲಿ ತೀರ್ಮಾನ ಬದಲಾಗುತ್ತಿತ್ತು. ಏನೂ ಹೇಳದ ಮಾತಿನಿಂದ ಮನಸ್ಸು ಬದಲಿಸುವ ಏಜೆಂಟನ್ನು ನಂಬುವುದು ಹೇಗೆ? ಆಲ್ಫೆರೆಸ್, ಫೆದೆರಿಕೊ ಬಾಂತಿ, ಅಂತೊನಿಯೊ ಬ್ರೊಜಿ, ಲೈತೆ 2005ರಲ್ಲಿ ಪ್ರಕಟಿಸಿದ ಕೆಲಸ ಆ ದೋಷವನ್ನು ತೆಗೆಯಿತು.

ಹೊಸದೇ ಯಾವಾಗಲೂ ಗೆಲ್ಲಬೇಕೇ?

ಎರಡು ನಿಯಮ ತಿಕ್ಕಾಡಿದಾಗ ಯಾವುದು ಮೇಲು ಎಂಬ ಪ್ರಶ್ನೆ ನಮ್ಮ ಶಾಸ್ತ್ರಗಳಿಗೆ ಹೊಸದಲ್ಲ. ಪಾಣಿನಿಯ ಅಷ್ಟಾಧ್ಯಾಯಿಯಲ್ಲಿ ಇಂಥ ತಿಕ್ಕಾಟ ಬಂದಾಗ ಪರವಾದುದು ನಡೆಯಬೇಕೆಂಬ ಸೂತ್ರವಿದೆ. ಸಂಪ್ರದಾಯದ ವ್ಯಾಖ್ಯಾನದಲ್ಲಿ ಪರ ಎಂದರೆ ಗ್ರಂಥದ ಕ್ರಮದಲ್ಲಿ ಮುಂದೆ ಬರುವ ಸೂತ್ರ. ಅದರ ಜೊತೆಗೇ, ಸಾಮಾನ್ಯ ನಿಯಮಕ್ಕಿಂತ ಅಪವಾದ ಬಲವಾದದ್ದು ಎಂಬುದೂ ವ್ಯಾಕರಣದಲ್ಲಿ ನೆಲೆಯೂರಿದ ಮಾತು. ನ್ಯಾಯಾಲಯಗಳೂ ಹೀಗೆಯೇ ಎರಡು ಅಳತೆಗೋಲು ಹಿಡಿಯುತ್ತವೆ: ಹಿಂದಿನ ಕಾನೂನಿಗಿಂತ ಮುಂದಿನದು ಮೇಲು, ಸಾಮಾನ್ಯ ಕಾನೂನಿಗಿಂತ ವಿಶೇಷ ಕಾನೂನು ಮೇಲು.

ಎರಡು ಅಳತೆಗೋಲುಗಳೇ ಒಂದಕ್ಕೊಂದು ಎದುರಾದಾಗ ಕಷ್ಟ. ನಿನ್ನೆ ಬಂದ ಸಾಮಾನ್ಯ ಆದೇಶ, ಹತ್ತು ವರ್ಷದ ಹಿಂದೆ ಅಂಗವಿಕಲರಿಗೆಂದೇ ಕೊಟ್ಟ ವಿನಾಯಿತಿಯನ್ನು ಹೊಡೆದುಹಾಕುತ್ತದೆಯೇ? ಹೊಸದೇ ಗೆಲ್ಲುತ್ತದೆ ಎಂದಷ್ಟೇ ಬಲ್ಲ ಯಂತ್ರ ಹೊಡೆದುಹಾಕುತ್ತದೆ, ಅದೂ ಸದ್ದಿಲ್ಲದೆ. ಆದೇಶ ಬರೆದವರ ಮನಸ್ಸಿನಲ್ಲಿ ಆ ವಿನಾಯಿತಿಯ ನೆನಪೂ ಇದ್ದಿರಲಿಕ್ಕಿಲ್ಲ. ಲಿಸ್ಬನ್ ಗುಂಪು ಮುಂದೆ ಬೆಳೆಸಿದ ಬಹುಆಯಾಮದ ರೂಪದಲ್ಲಿ ಪ್ರೋಗ್ರಾಮುಗಳು ಒಂದೇ ಸಾಲಿನಲ್ಲಿರಬೇಕಿಲ್ಲ, ಕವಲುಗಳಿರುವ ಜಾಲವಾಗಿರಬಹುದು. ಕಾಲದ ಕ್ರಮ ಒಂದು ಕಡೆ, ಅಧಿಕಾರದ ಕ್ರಮ ಇನ್ನೊಂದು ಕಡೆ. ಆಗ ನಿನ್ನೆಯ ಸುತ್ತೋಲೆ ಹಳೆಯ ಕಾಯ್ದೆಯನ್ನು ಮೀರಲಾರದು.

ಹುಟ್ಟಿದ ದಿನದ ಕಾನೂನು

ನಮ್ಮ ದೇಶದ ಪೌರತ್ವ ಕಾಯ್ದೆಯಲ್ಲಿ ಇನ್ನೂ ಸೂಕ್ಷ್ಮವಾದ ಪಾಠವಿದೆ. 1955ರ ಕಾಯ್ದೆ ಜನನದಿಂದ ಬರುವ ಪೌರತ್ವದ ನಿಯಮವನ್ನು ಎರಡು ಸಲ ಬದಲಿಸಿಕೊಂಡಿದೆ. 1950ರ ಜನವರಿ 26ರಿಂದ 1987ರ ಜುಲೈ 1ರ ಮೊದಲು ಭಾರತದಲ್ಲಿ ಹುಟ್ಟಿದವರು, ರಾಯಭಾರಿಗಳ ಮಕ್ಕಳಂಥ ಕೆಲವು ಅಪವಾದ ಬಿಟ್ಟರೆ, ಹೆತ್ತವರು ಯಾರೇ ಆಗಿರಲಿ ಪೌರರು. ಅಂದಿನಿಂದ 2004ರ ಡಿಸೆಂಬರ್ 3ರ ಮೊದಲು ಹುಟ್ಟಿದವರಿಗೆ ತಂದೆ ತಾಯಿಯಲ್ಲಿ ಒಬ್ಬರಾದರೂ ಪೌರರಾಗಿರಬೇಕು. ಆಮೇಲೆ ಹುಟ್ಟಿದವರಿಗೆ ಇಬ್ಬರೂ ಪೌರರಾಗಿರಬೇಕು, ಇಲ್ಲವೇ ಒಬ್ಬರು ಪೌರರಾಗಿದ್ದು ಇನ್ನೊಬ್ಬರು ಅಕ್ರಮ ವಲಸಿಗರಾಗಿರಬಾರದು.

1980ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಒಬ್ಬರ ಬಗ್ಗೆ ಇಂದು ಪ್ರಶ್ನೆ ಬಂದರೆ ಉತ್ತರ ಕೊಡಬೇಕಾದ್ದು ಮೊದಲ ನಿಯಮ, ಈಚಿನದ್ದಲ್ಲ. ಇಲ್ಲಿ ಹೊಸ ನಿಯಮ ಹಳೆಯದನ್ನು ಸೋಲಿಸಲೇ ಇಲ್ಲ. ಮೂರೂ ತಮ್ಮ ತಮ್ಮ ಕಾಲದ ಮೇಲೆ ಈಗಲೂ ಆಳುತ್ತಿವೆ. ಭಂಡಾರವನ್ನು 'ಅಪ್‌ಡೇಟ್' ಮಾಡುತ್ತೇನೆಂದು ಹಳೆಯ ಎರಡನ್ನು ಅಳಿಸಿದ ತಂತ್ರಾಂಶ ಕೋಟ್ಯಂತರ ಜನರ ವಿಷಯದಲ್ಲಿ ತಪ್ಪು ಪ್ರಶ್ನೆ ಕೇಳುತ್ತದೆ.

ಇದಕ್ಕೆ ಹೊಂದುವ ಸಾಧನವನ್ನು ಕೊವಾಲ್ಸ್ಕಿ ಮತ್ತು ಸೆರ್ಗೊ 1986ರಲ್ಲೇ ಕೊಟ್ಟಿದ್ದರು. ಘಟನೆಗಳ ಕಲನ ಎನ್ನಬಹುದಾದ ಆ ಪದ್ಧತಿಯಲ್ಲಿ ಸ್ಥಿತಿಯನ್ನು ಬರೆಯುವುದಿಲ್ಲ, ಘಟನೆಯನ್ನು ಬರೆಯುತ್ತಾರೆ. ಒಂದು ಘಟನೆ ಒಂದು ಸ್ಥಿತಿಯನ್ನು ಆರಂಭಿಸುತ್ತದೆ, ಇನ್ನೊಂದು ಘಟನೆ ಬಂದು ಮುಗಿಸುವ ತನಕ ಆ ಸ್ಥಿತಿ ಮುಂದುವರಿಯುತ್ತದೆ. ಮೆಕಾರ್ಥಿಯವರ ಫೋನ್ ಸಮಸ್ಯೆಗೂ ಇಲ್ಲಿ ಉತ್ತರವಿದೆ. ಭಂಡಾರಕ್ಕೆ ಘಟನೆಗಳು ಸೇರುತ್ತಾ ಹೋಗುತ್ತವೆ, ಅಳಿಸುವ ಪ್ರಮೇಯವಿಲ್ಲ. ಪಹಣಿಯಲ್ಲಿ ಜಮೀನು ಅಪ್ಪನ ಹೆಸರಿನಿಂದ ಮಗಳ ಹೆಸರಿಗೆ ಬಂದಾಗ ಪಕ್ಕದಲ್ಲಿ ಖಾತೆ ಬದಲಾವಣೆಯ ಎಂ.ಆರ್. ಸಂಖ್ಯೆ ಕಾಣುತ್ತದಲ್ಲ, ಆ ಸಂಖ್ಯೆ ಹಿಡಿದು ಹೊರಟರೆ ಯಾವ ವರ್ಷ, ಯಾವ ಆಧಾರದ ಮೇಲೆ ಖಾತೆ ಬದಲಾಯಿತು ಎಂದು ಸಿಗುತ್ತದಲ್ಲ, ಅಂಥ ವ್ಯವಸ್ಥೆ ಇದು. 1980ರಲ್ಲಿ ಏನಿತ್ತು ಎಂದು ಕೇಳಿದರೂ ಉತ್ತರವಿದೆ, ಇಂದು ಏನಿದೆ ಎಂದು ಕೇಳಿದರೂ ಇದೆ.

ಮಾತು ಬಲ್ಲ ಏಜೆಂಟುಗಳು

ಇಂದಿನ ಏಜೆಂಟುಗಳಲ್ಲಿ ಹೆಚ್ಚಿನವು ಲಾಜಿಕ್ ಪ್ರೋಗ್ರಾಮುಗಳಲ್ಲ, ಭಾಷಾ ಮಾದರಿಗಳ ಮೇಲೆ ಕಟ್ಟಿದವು. ಅವುಗಳ ಅರಿವು ಕೋಟಿಗಟ್ಟಲೆ ಸಂಖ್ಯೆಗಳಲ್ಲಿ ಹರಡಿಹೋಗಿದೆ. ಇಂಥ ನಿಯಮ ಇಂಥ ಸಾಲಿನಲ್ಲಿದೆ ಎಂದು ತೋರಿಸಿ ಅದರ ಮೇಲೆ ಗೆರೆ ಎಳೆಯಲು ಬರುವುದಿಲ್ಲ. ಅದಕ್ಕಾಗಿ ಸಂಸ್ಥೆಗಳು ತಮ್ಮ ಸುತ್ತೋಲೆ, ಕೈಪಿಡಿಗಳನ್ನು ಪಕ್ಕದಲ್ಲಿಟ್ಟು, ಪ್ರಶ್ನೆಗೆ ಹತ್ತಿರವೆನಿಸುವ ಪುಟ ತೆಗೆದು ಮಾದರಿಗೆ ಓದಲು ಕೊಡುತ್ತವೆ. ಹಳೆಯ ಸುತ್ತೋಲೆಯೂ ಹೊಸ ಸುತ್ತೋಲೆಯೂ ಬಹುತೇಕ ಒಂದೇ ಪದಗಳಲ್ಲಿರುತ್ತವೆ. ಪದಗಳ ಹೋಲಿಕೆಯಷ್ಟನ್ನೇ ನೋಡಿ ಆರಿಸಿದರೆ ಯಾವುದು ಯಾವುದನ್ನು ರದ್ದು ಮಾಡಿದೆ ಎಂಬುದು ಗೊತ್ತಾಗುವುದಿಲ್ಲ.

ಒಂದೇ ಸಂಸ್ಥೆ ಎರಡು ಬಾಯಲ್ಲಿ ಮಾತಾಡಿದರೆ ಏನಾಗುತ್ತದೆ ಎಂಬುದು ಕೆನಡಾದಲ್ಲಿ ಕಂಡಿತು. 2022ರ ನವೆಂಬರಿನಲ್ಲಿ ಅಜ್ಜಿ ತೀರಿಕೊಂಡ ಪ್ರಯಾಣಿಕರೊಬ್ಬರು ಏರ್ ಕೆನಡಾ ಜಾಲತಾಣದ ಚಾಟ್‌ಬಾಟ್‌ನಲ್ಲಿ ಸಾವಿನ ನಿಮಿತ್ತದ ಪ್ರಯಾಣಕ್ಕೆ ಸಿಗುವ ರಿಯಾಯಿತಿ ಬಗ್ಗೆ ವಿಚಾರಿಸಿದರು. ಟಿಕೆಟ್ ಪಡೆದ 90 ದಿನದೊಳಗೆ ಅರ್ಜಿ ಹಾಕಿದರೆ ಸಿಗುತ್ತದೆ ಎಂಬ ಉತ್ತರ ಬಂತು. ಪ್ರಯಾಣ ಮುಗಿದ ಮೇಲೆ ರಿಯಾಯಿತಿ ಇಲ್ಲ ಎಂದು ಅದೇ ಜಾಲತಾಣದ ಇನ್ನೊಂದು ಪುಟ ಹೇಳುತ್ತಿತ್ತು. ಚಾಟ್‌ಬಾಟ್ ತನ್ನ ಉತ್ತರದಲ್ಲಿ ಆ ಪುಟದ ಕೊಂಡಿಯನ್ನೂ ಕೊಟ್ಟಿತ್ತು. 2024ರ ಫೆಬ್ರವರಿಯಲ್ಲಿ ಬ್ರಿಟಿಷ್ ಕೊಲಂಬಿಯಾದ ನ್ಯಾಯಮಂಡಳಿ, ಜಾಲತಾಣದಲ್ಲಿರುವ ಎಲ್ಲ ಮಾಹಿತಿಗೂ ಸಂಸ್ಥೆಯೇ ಹೊಣೆ ಎಂದು ಹೇಳಿ ಸುಮಾರು 812 ಕೆನಡಾ ಡಾಲರ್ ಕೊಡಿಸಿತು. ಮೊತ್ತ ಚಿಕ್ಕದು. ಆದರೆ ಎರಡು ಮಾತು ಎದುರಾಬದುರಾದಾಗ ಯಾವುದು ಮೇಲು ಎಂದು ನಿರ್ಧರಿಸುವ ಹೊರೆ ಗ್ರಾಹಕನದ್ದಲ್ಲ ಎಂದಾಯಿತು.

ಮಾತಾಡುವ ಕೆಲಸ ಭಾಷಾ ಮಾದರಿಗಿರಲಿ, ಜನರ ಹಕ್ಕಿನ ವಿಷಯದಲ್ಲಿ ತೀರ್ಮಾನ ನಿಯಮಗಳ ಭಂಡಾರದಿಂದ ಬರಲಿ ಎಂಬ ಪಕ್ಷದವನು ನಾನು. ಹೀಗೆ ಮಾಡಲು ಬೇಕಾದ ಸಾಧನಗಳು ಈಗ ಸಿದ್ಧವಿವೆ. ಫ್ರಾನ್ಸಿನ ಇನ್ರಿಯಾ ಸಂಸ್ಥೆಯಲ್ಲಿ ರೂಪುಗೊಂಡ 'ಕತಲಾ' ಎಂಬ ಭಾಷೆಯಲ್ಲಿ ತೆರಿಗೆ, ಸೌಲಭ್ಯಗಳ ಕಾನೂನನ್ನು ಸಾಮಾನ್ಯ ನಿಯಮ ಮತ್ತು ಅಪವಾದ ಎಂಬ ಕಟ್ಟಿನಲ್ಲೇ, ಕಾನೂನಿನ ಪಠ್ಯದ ಪಕ್ಕದಲ್ಲೇ ಬರೆಯುತ್ತಾರೆ. ಮ್ಯಾಡ್ರಿಡ್ ಮತ್ತು ಟೆಕ್ಸಸ್‌ನ ಡಲ್ಲಾಸ್‌ನ ಸಂಶೋಧಕರು ಬೆಳೆಸಿರುವ 'ಎಸ್-ಕ್ಯಾಸ್ಪ್' ಎಂಬ ಲಾಜಿಕ್ ಪ್ರೋಗ್ರಾಮಿಂಗ್ ವ್ಯವಸ್ಥೆ, ಯಾವ ನಿಯಮದಿಂದ ಯಾವ ಸಂಗತಿ ಹಿಡಿದು ಆ ತೀರ್ಮಾನಕ್ಕೆ ಬಂದೆ ಎಂಬುದನ್ನು ಉತ್ತರದ ಜೊತೆಗೇ ಬಿಡಿಸಿ ಹೇಳುತ್ತದೆ. ಇಲ್ಲ ಎಂದರೆ ಯಾಕೆ ಇಲ್ಲ ಎಂಬುದನ್ನೂ.

ಹೀಗೆ ಕಾರಣ ಕೇಳಲು ನಮ್ಮಲ್ಲಿ ಹೊಸ ಕಾನೂನು ಬರಬೇಕಿಲ್ಲ. ತನ್ನ ಆಡಳಿತಾತ್ಮಕ ತೀರ್ಮಾನದಿಂದ ಬಾಧಿತರಾದವರಿಗೆ ಕಾರಣ ಒದಗಿಸುವುದು ಪ್ರತಿ ಸಾರ್ವಜನಿಕ ಪ್ರಾಧಿಕಾರದ ಕರ್ತವ್ಯ ಎಂದು 2005ರ ಮಾಹಿತಿ ಹಕ್ಕು ಕಾಯ್ದೆಯ 4ನೇ ಸೆಕ್ಷನ್ ಆಗಲೇ ವಿಧಿಸಿದೆ. ಕೌಂಟರಿನ ಆಚೆ ಕೂತಿರುವುದು ಗುಮಾಸ್ತರೋ ಏಜೆಂಟೋ ಎಂಬ ಭೇದ ಆ ಸೆಕ್ಷನ್ನಿನಲ್ಲಿಲ್ಲ. ಅರ್ಜಿ ತಿರಸ್ಕರಿಸಿದ ಚೀಟಿಯಲ್ಲಿ ಯಾವ ನಿಯಮ, ಅದು ಜಾರಿಗೆ ಬಂದ ದಿನಾಂಕ, ಅದು ತಡೆದು ನಿಲ್ಲಿಸಿದ ಹಳೆಯ ನಿಯಮ ಇಷ್ಟೂ ಅಚ್ಚಾಗಿ ಬರಬೇಕು. ಹಳೆಯ ಸಾಲನ್ನು ಅಳಿಸದೆ ಇಟ್ಟುಕೊಂಡ ಭಂಡಾರಕ್ಕೆ ಅದನ್ನು ಅಚ್ಚು ಹಾಕಲು ಒಂದು ಕ್ಷಣ ಸಾಕು.